ಊತ್ ಸಾಂಗ್ ಕಾಯಿಸಿದ ಬಣ್ಣದ ನೀರು

ನನ್ನ ಮೈದುನ ಊತ್ ಸಾಂಗ್‌ನಿಗೆ ಮಾತೇ ಬರುವುದಿಲ್ಲವೆಂದು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ನಂಬಿದ್ದೆ. ಹೊಸ ಅತ್ತಿಗೆ ಬಂದರೆ ಮೈದುನರು ಕೀಟಲೆ ಮಾಡಬೇಕು, ಅದು ಲೋಕರೂಢಿ. ಇವನು ಬಾಗಿಲಲ್ಲಿ ನನ್ನನ್ನು ಕಂಡವನೇ ತಲೆ ಬಗ್ಗಿಸಿ ಹೋಗಿ ಕಾಲುವೆಯಲ್ಲಿ ಬಲೆ ತೊಳೆಯುತ್ತ ಕುಳಿತ. ವಾರ ಕಳೆದರೂ ಒಂದಕ್ಷರ ಆಡಲಿಲ್ಲ. ಪಾಪ, ಹುಟ್ಟಿನಿಂದಲೇ ಹೀಗೋ ಎಂದು ಅತ್ತೆಯನ್ನು ಗುಟ್ಟಾಗಿ ಕೇಳಿದೆ. ಅತ್ತೆ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ನಕ್ಕರು.

"ಮಾತು ಬರುತ್ತೆ ಕಣಮ್ಮ, ಖರ್ಚು ಮಾಡಲ್ಲ ಅಷ್ಟೆ" ಎಂದರು.

ನಮ್ಮ ಕಡೆ ಹುಟ್ಟಿದ ಸರದಿಯೇ ಹೆಸರು. ನನ್ನ ಗಂಡ ಹಿರಿಯ, ಅದಕ್ಕೆ ಅವನ ಹೆಸರು ಹಾಯ್. ಅವನ ಕೈ ಹಿಡಿದ ತಪ್ಪಿಗೆ ನಾನೂ ಹಾಯ್. ಕೊನೆಯವನಾದ್ದರಿಂದ ಇವನು ಊತ್. ಕಿವಿಯ ಪಕ್ಕ ಕೂದಲು ನರೆತರೂ ಊರಿಗೆಲ್ಲ ಇವನು ಊತ್ ಆಗಿಯೇ ಉಳಿದ, ಮದುವೆಯೂ ಆಗಲಿಲ್ಲ. ಒಮ್ಮೆ ಹೊಳೆಯಾಚೆಯ ಹುಡುಗಿಯನ್ನು ನೋಡಲು ಕರೆದುಕೊಂಡು ಹೋಗಿದ್ದೆವು. ಹುಡುಗಿಯ ಅಪ್ಪ ಏನು ಕೆಲಸ ಎಂದು ಕೇಳಿದರು. ಇವನು ಎರಡೂ ಅಂಗೈ ಮುಂದೆ ಚಾಚಿದ. ಕಾಯಿ ಸುಲಿದು ಸುಲಿದು ಜಡ್ಡುಗಟ್ಟಿದ ಕೈ, ನೋಡಿದರೆ ತಿಳಿಯಲಿ ಎಂದು. ಅವರು ಇವನೇನೋ ಬೇಡುತ್ತಿದ್ದಾನೆಂದುಕೊಂಡು ಒಂದು ಬಾಳೆಹಣ್ಣು ಇಟ್ಟರು. ಇವನು ಅದನ್ನು ಸುಲಿದು ತಿಂದು ಎದ್ದು ಬಂದ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಊತ್‌ನ ಕೆಲಸ ತೆಂಗಿನಕಾಯಿ ಕೊಟ್ಟಿಗೆಯಲ್ಲಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ, ಮೈಭಾರ ಬಿಟ್ಟು ಒಮ್ಮೆ ತಿರುವಿದರೆ ಸಿಪ್ಪೆ ಕಳಚಿ ಬೀಳುತ್ತದೆ. ಉಳಿದ ಗಂಡಸರು ಹಾಡು, ಬೈಗುಳ, ಬಾಜಿ ಎಂದು ಕೊಟ್ಟಿಗೆಯೇ ಹಾರಿಹೋಗುವಂತೆ ಗದ್ದಲ ಮಾಡುವಾಗ ಇವನು ಮೂಲೆಯಲ್ಲಿ ತನ್ನ ಪಾಡಿಗೆ ತಾನು ಸುಲಿಯುತ್ತಿರುತ್ತಾನೆ. ಸಂಜೆ ಎಲ್ಲರಿಗಿಂತ ಎತ್ತರದ ರಾಶಿ ಅವನದೇ.

ಅತ್ತೆ ಹಾಸಿಗೆ ಹಿಡಿದಾಗ ಅಡುಗೆಯೂ ಅವನ ಪಾಲಿಗೆ ಬಂತು. ನನಗೆ ಕೈಕೂಸು, ತೋಟ, ಹಂದಿಗೂಡು. ಅತ್ತೆಗೋ ದಿನಾ ಮಣ್ಣಿನ ಗಡಿಗೆಯಲ್ಲಿ ಮಾಡಿದ ಮೀನಿನ ಗೊಜ್ಜೇ ಬೇಕು. ಊತ್ ಒಲೆ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಸಕ್ಕರೆ ಕರಗಿಸಿ, ಅದು ಕೆಂಪಾಗುವುದನ್ನೇ ಕಾಯುತ್ತ, ಜಿರಳೆ ರೆಕ್ಕೆಯ ಬಣ್ಣ ಬಂದ ಕ್ಷಣ, ಉಪ್ಪು ಹಾಕಿ ಕಳಿಯಬಿಟ್ಟು ತೆಗೆದ ಮೀನಿನ ರಸದ ಬಾಟಲಿ ಎತ್ತಿ ಚುಂಯ್ ಎಂದು ಸುರಿಯುತ್ತಿದ್ದ. ಆ ಕ್ಷಣ ತಪ್ಪಿದರೆ ಸಕ್ಕರೆ ಕರಕಲಾಗಿ ಕಹಿ. ನಮ್ಮ ಸೀಮೆಯ ಯಾವ ಮನೆಗೆ ಹೋದರೂ ಇದೇ ಕ್ರಮ. ಕಣ್ಣಿಗೆ ಬಣ್ಣ ಕಂಡರೆ ಕೈ ಬಾಟಲಿಗೆ ಹೋಗುತ್ತದೆ, ನಡುವೆ ಬುದ್ಧಿಗೆ ಕೆಲಸವೇ ಇಲ್ಲ. ಅತ್ತೆ ಹೋಗುವವರೆಗೂ ಹೀಗೇ ವರ್ಷಗಟ್ಟಲೆ ಉಣಿಸಿದ. ಹೆತ್ತ ಮಗಳೂ ಹಾಗೆ ನೋಡಿಕೊಳ್ಳುವುದಿಲ್ಲ ಎಂದು ಊರು ಮೆಚ್ಚಿತು. ಮೆಚ್ಚಿದ ಊರು ಒಂದು ಹೆಣ್ಣನ್ನಂತೂ ಕೊಡಲಿಲ್ಲ.

ಇನ್ನು ಲಾಯ್ ವಿಷಯ. ಕಾಲುವೆಯ ಮೇಲಿನ ಸೇತುವೆ ದಾಟಿದರೆ ಎರಡನೇ ಮನೆ. ಗಂಡ ಕಾಯಿ ತುಂಬಿದ ದೋಣಿ ನಡೆಸುತ್ತಿದ್ದವನು, ಜ್ವರ ಬಂದು ಹೋಗಿಬಿಟ್ಟ. ಮಕ್ಕಳಿಲ್ಲ. ಗಂಡನ ತಾಯಿ ಚಿನ್ ಅಜ್ಜಿಯೊಂದಿಗೆ ಇದ್ದಳು. ಗಂಡನ ಚಿತೆಯ ಮುಂದೆ ಲಾಯ್ ಒಂದು ವ್ರತ ಹಿಡಿದಳು: ಮೂರನೇ ವರ್ಷದ ತಿಥಿಯಲ್ಲಿ ದುಃಖದ ಗುರುತಾಗಿ ಎದೆಗೆ ಚುಚ್ಚಿಕೊಂಡ ಕಪ್ಪು ಬಟ್ಟೆ ಸುಡುವವರೆಗೂ ಮೀನು, ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ, ಅವನ ಪುಣ್ಯಕ್ಕೆ ಅದು ಸೇರಲಿ ಎಂದು. ಹುಣ್ಣಿಮೆಗೊಂದು ದಿನ, ಅಮಾವಾಸ್ಯೆಗೊಂದು ದಿನ ನಾವೂ ಬಿಡುತ್ತೇವೆ, ಅದರಲ್ಲೇ ನನ್ನ ಗಂಡ ಮುಖ ಊದಿಸಿಕೊಂಡಿರುತ್ತಾನೆ. ಮೂರು ವರ್ಷ ಎಂದರೆ ಹುಡುಗಾಟವಲ್ಲ.

ಹೊಟ್ಟೆಪಾಡಿಗೆ ಅವಳು ಬಣ್ಣದ ನೀರು ಕಾಯಿಸಿ ಮೊ ಕೈ ಊರಿನ ಸಂತೆಯಲ್ಲಿ ಮಾರತೊಡಗಿದಳು. ಸೈಗಾನಿನಿಂದ ಬಂದ ನನ್ನ ತಂಗಿ ಮಗಳು ಅದನ್ನು ನೆಕ್ಕಿ ನೋಡಿ, ದೊಡ್ಡಮ್ಮ ಇದು ಕ್ಯಾರಮೆಲ್, ಪೇಟೆಯಲ್ಲಿ ಇದಕ್ಕೆ ಬೆಣ್ಣೆ, ಕೆನೆ ಎಲ್ಲ ಹಾಕುತ್ತಾರೆ ಎಂದಳು. ಹಾಕಿಕೊಳ್ಳಲಿ. ನಮ್ಮದಕ್ಕೆ ಸಕ್ಕರೆ ಕೂಡ ಬೇಡ. ಬಲಿತ ಕಾಯಿಯ ನೀರು, ಸಿಪ್ಪೆಯ ಬೆಂಕಿ, ಒಂದು ಹಗಲು, ಇಷ್ಟೇ. ಕೊಡಗಟ್ಟಲೆ ನೀರು ಇಂಗಿ ಇಂಗಿ ಒಂದು ಗಡಿಗೆಯಾಗುತ್ತದೆ. ಆದರೆ ಕಾಯಿ ಒಡೆದ ದಿನವೇ ಕಾಯಿಸಬೇಕು, ರಾತ್ರಿ ಕಳೆದರೆ ಹುಳಿ. ಮೀನಿಲ್ಲದ ಗೊಜ್ಜಿಗೆ ಮಾನ ಕೊಡುವುದು ಈ ಬಣ್ಣದ ನೀರೇ. ಎಳೆ ಹಲಸಿನಕಾಯಿಗೂ ತೋಫುವಿಗೂ ಇದನ್ನು ಹಾಕಿ ಕುದಿಸಿದರೆ ಮಾಂಸ ತಿನ್ನುವವರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ.

ಕೊಟ್ಟಿಗೆಯಲ್ಲಿ ಕಾಯಿ ಒಡೆದಾಗ ನೀರೆಲ್ಲ ಚರಂಡಿ ಪಾಲು. ಬೇಕಾದವರು ಹಿಡಿದುಕೊಂಡು ಹೋಗಬಹುದು. ಲಾಯ್ ಹೊತ್ತುಕೊಂಡು ಹೋಗುವುದನ್ನು ಊತ್ ಒಂದು ದಿನ ನೋಡಿದ. ಮರುದಿನ ಬೆಳಿಗ್ಗೆ ಅವಳು ಬಾಗಿಲು ತೆರೆದರೆ ಎರಡು ಕ್ಯಾನು ತುಂಬ ನೀರು ಜಗಲಿಯ ಮೇಲೆ. ಅಲ್ಲಿಂದ ಶುರುವಾಯಿತು. ಮಳೆಯಿರಲಿ, ಜ್ವರವಿರಲಿ, ಮೊದಲ ರಾಶಿ ಒಡೆದ ಕೂಡಲೇ ಎರಡು ಕ್ಯಾನು ಸೈಕಲ್ಲಿಗೆ ನೇತುಹಾಕಿ ಸೇತುವೆ ದಾಟುತ್ತಿದ್ದ. ಇಟ್ಟು, ಖಾಲಿ ಕ್ಯಾನು ತೆಗೆದುಕೊಂಡು ಬರುವುದು. ಮಾತಿಲ್ಲ. ಕೊಟ್ಟಿಗೆಯವರು ಬಿಡುತ್ತಾರೆಯೇ? ಊತ್ ಹೊಳೆಗೇ ನೀರು ಹೊರುತ್ತಿದ್ದಾನೆ ಎಂದು ರೇಗಿಸಿದರು. ಇವನು ಕಿವಿ ಕೆಂಪಗೆ ಮಾಡಿಕೊಂಡು ಇನ್ನಷ್ಟು ಜೋರಾಗಿ ಸುಲಿದ.

ನನಗೆ ಮೊದಲ ತಿಂಗಳಲ್ಲೇ ಗೊತ್ತಾಯಿತು. ಲಾಯ್‌ಗೂ ಗೊತ್ತಿತ್ತು ಎಂದು ನನ್ನ ಅನುಮಾನ. ಆದರೆ ಎದೆಯ ಮೇಲೆ ಆ ಕಪ್ಪು ಬಟ್ಟೆಯ ತುಂಡು ಚುಚ್ಚಿಕೊಂಡಿರುವ ಹೆಣ್ಣಿಗೆ ಗಂಡಸು ಅಂಥ ಮಾತು ಎತ್ತುವಂತಿಲ್ಲ, ಎತ್ತಿದರೆ ಸತ್ತವನಿಗೆ ಮಾಡಿದ ಅವಮಾನ. ಬಟ್ಟೆ ಸುಟ್ಟ ಮೇಲೆ ಯಾರು ಬೇಕಾದರೂ ಕೇಳಬಹುದು. ಊತ್ ಅದನ್ನೇ ಕಾಯುತ್ತಿದ್ದ. ಕಾಯುವುದು ಅವನಿಗೆ ಬರುತ್ತದೆ.

ಅಷ್ಟರಲ್ಲಿ ಸುದ್ದಿ ಬಂತು. ಬಿಯೆನ್ ಹೋವಾದ ಚಪ್ಪಲಿ ಕಾರ್ಖಾನೆಯಲ್ಲಿರುವ ಲಾಯ್‌ಳ ಅಕ್ಕ ತಿಥಿಗೆ ಬರುತ್ತಾಳೆ, ಮರುದಿನ ಬೆಳಿಗ್ಗೆ ತಂಗಿಯನ್ನು ಜೊತೆಗೇ ಕರೆದುಕೊಂಡು ಹೋಗುತ್ತಾಳೆ, ಕೆಲಸಕ್ಕೆ ಹೇಳಿಟ್ಟಾಗಿದೆ. ಚಿನ್ ಅಜ್ಜಿಯೇ ಒಪ್ಪಿದ್ದರು. ನನ್ನನ್ನು ನೋಡಿಕೊಳ್ಳಲು ಮಗಳ ಮನೆ ಪಕ್ಕದಲ್ಲೇ ಇದೆ, ನನ್ನ ಮುಖ ನೋಡಿಕೊಂಡು ಈ ಹುಡುಗಿ ಯಾಕೆ ಮುದುಕಿಯಾಗಬೇಕು ಎಂದರಂತೆ. ನಾನು ಊತ್‌ನನ್ನು ಹಿಡಿದು ನಿಲ್ಲಿಸಿದೆ. ತಿಥಿಯ ದಿನ ಬಟ್ಟೆ ಸುಡುವುದಕ್ಕೂ ಬಸ್ಸು ಹೊರಡುವುದಕ್ಕೂ ನಡುವೆ ಒಂದೇ ಸಂಜೆ, ಅಷ್ಟರಲ್ಲಿ ಬಾಯಿ ಬಿಡದಿದ್ದರೆ ಜನ್ಮವಿಡೀ ಕ್ಯಾನು ತಬ್ಬಿಕೊಂಡು ಮಲಗು ಎಂದೆ. ಅವನು ತಲೆಯಾಡಿಸಿದ. ಹೌದು ಎಂದೋ ಅಲ್ಲ ಎಂದೋ ದೇವರಿಗೇ ಗೊತ್ತು.

ತಿಥಿ ಹತ್ತಿರ ಬಂದಾಗ ಲಾಯ್ ದೋಣಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಹಬ್ಬದ ಗಿರಾಕಿಗಳು ಇದ್ದಬದ್ದ ಜಾಡಿಯನ್ನೆಲ್ಲ ಕೊಂಡೊಯ್ದಿದ್ದರು. ತಿಥಿಯ ಹಲಸಿನ ಗೊಜ್ಜಿಗೆ ಮನೆಯಲ್ಲಿ ಒಂದು ಚಮಚ ಬಣ್ಣದ ನೀರಿಲ್ಲ. ಸಂತೆಯ ಬೇರೆಯವರದ್ದನ್ನು ತರೋಣವೆಂದರೆ ಅವಳು ಒಪ್ಪಲಿಲ್ಲ, ಅವರು ಒಲೆಯ ಮೇಲೆ ಏನೇನು ಬೆರೆಸುತ್ತಾರೋ, ಕೊನೆಯ ದಿನ ವ್ರತ ಕೆಡುವುದು ಬೇಡ ಎಂದಳು. ನಾನು ಅವಳ ಜಗಲಿಯಲ್ಲಿ ಕುಳಿತು ಹಲಸಿನಕಾಯಿ ಹೆಚ್ಚುತ್ತಿದ್ದೆ. ಕ್ಯಾನು ಇಡಲು ಬಂದಿದ್ದ ಊತ್ ಕಂಬದ ಹತ್ತಿರ ನಿಂತಿದ್ದ.

"ನಾನು ಕಾಯಿಸ್ತೀನಿ" ಎಂದ.

ನಾನೂ ಲಾಯ್‌ಳೂ ಒಟ್ಟಿಗೇ ತಿರುಗಿ ನೋಡಿದೆವು. ಕಂಬವೇ ಮಾತಾಡಿತೋ ಎನ್ನುವ ಹಾಗಿತ್ತು.

ತಿಥಿಯ ಹಿಂದಿನ ದಿನ ಬೆಳಗಾಗುತ್ತಲೇ ಊತ್ ಕೊಟ್ಟಿಗೆಯಿಂದ ನೀರು ತಂದು ನಮ್ಮ ಹಿತ್ತಲಿನಲ್ಲಿ ದೊಡ್ಡ ಬಾಣಲೆ ಏರಿಸಿದ. ನೊರೆ ತೆಗೆದ, ಸಿಪ್ಪೆ ಒಟ್ಟಿದ, ಬೆಂಕಿ ತಗ್ಗಿಸಿದ, ಏರಿಸಿದ. ನಾನು ಹೋಗಿ ಬಂದು ಬುದ್ಧಿ ಹೇಳುತ್ತಿದ್ದೆ. ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಅವನು ಬಾಣಲೆ ಬಿಟ್ಟು ಊಟಕ್ಕೂ ಏಳಲಿಲ್ಲ. ಬಣ್ಣ ಬಂದ ಕೂಡಲೇ ಪಾಕ ಕರಕಲಾಗದಂತೆ ತಡೆಯಲು ಒಂದು ಬಟ್ಟಲು ಎಳನೀರು ಬಲಗಡೆಗೆ ತೆಗೆದಿಟ್ಟುಕೊಂಡಿದ್ದ. ಮೀನಿನ ರಸದ ಬಾಟಲಿ ಎಡಗಡೆಯ ಹಲಗೆಯ ಮೇಲೆ, ಯಾವಾಗಲೂ ಇರುವ ಜಾಗದಲ್ಲಿ ಇತ್ತು. ಅದನ್ನು ಅಲ್ಲಿಂದ ತೆಗೆಯಬೇಕೆಂದು ನನಗಾಗಲಿ ಅವನಿಗಾಗಲಿ ಹೊಳೆಯಲಿಲ್ಲ. ಗೋಡೆಯನ್ನು ಯಾರಾದರೂ ತೆಗೆದಿಡುತ್ತಾರೆಯೇ?

ಹೊತ್ತು ಇಳಿಯುವ ವೇಳೆಗೆ ನೀರು ಜೇನಿನಷ್ಟು ಮಂದವಾಯಿತು. ಗುಳ್ಳೆಗಳು ದಪ್ಪಗೆ ಎದ್ದು ಸೋಮಾರಿಯಾಗಿ ಒಡೆಯುತ್ತಿದ್ದವು. ಹಿತ್ತಲೆಲ್ಲ ಸಿಹಿ ಕಂಪು. ನಾನು ಬಟ್ಟೆ ಒಣಗಿಸುವ ತಂತಿಯ ಹತ್ತಿರ ನಿಂತು, ಅಂತೂ ಇವನು ಗೆದ್ದ ಎಂದುಕೊಳ್ಳುತ್ತಿದ್ದೆ. ಚುಂಯ್ ಎಂಬ ಸದ್ದು ಕೇಳಿತು. ಅದರ ಹಿಂದೆಯೇ ಆ ವಾಸನೆ ಬಂತು. ಹುಟ್ಟಿದಾಗಿನಿಂದ ಪ್ರತಿದಿನ ಮಧ್ಯಾಹ್ನ ಮೂಗಿಗೆ ಬಡಿದ ವಾಸನೆ, ಎಂಥ ಸೊಗಸಾದ ವಾಸನೆ, ನನ್ನ ಬಾಯಲ್ಲಿ ನೀರೂರಿತು. ಆಮೇಲೆ ಅದೇನೆಂದು ಹೊಳೆದು ಒಲೆಯ ಕಡೆ ಓಡಿದೆ.

ಊತ್ ಮೀನಿನ ರಸದ ಬಾಟಲಿ ಹಿಡಿದುಕೊಂಡೇ ನಿಂತಿದ್ದ. ಬಾಣಲೆಯಲ್ಲಿ ಜಿರಳೆ ರೆಕ್ಕೆಯ ಬಣ್ಣ, ಎಳ್ಳಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಟ್ಟಲಿನ ಎಳನೀರು ತುಂಬಿದ್ದು ತುಂಬಿದ ಹಾಗೆಯೇ ಇತ್ತು.

ಬೈದು ಫಲವಿರಲಿಲ್ಲ. ಕೊಟ್ಟಿಗೆ ಮುಚ್ಚಿತ್ತು. ಹೊಸ ನೀರು ಸಿಕ್ಕರೂ ಮತ್ತೆ ಒಂದು ಹಗಲು ಎಲ್ಲಿಂದ ತರುವುದು? ನಾನು ಅವನನ್ನು ಒಲೆಯ ಹತ್ತಿರ ಕೂರಿಸಿ ಸಣ್ಣ ದನಿಯಲ್ಲಿ ಬುದ್ಧಿ ಹೇಳಿದೆ. ಇಷ್ಟು ದೊಡ್ಡ ಬಾಣಲೆಗೆ ಒಂದು ಗುಟುಕು ರಸ ಯಾವ ಲೆಕ್ಕ? ರುಚಿ ಇನ್ನೂ ಹೆಚ್ಚೇ ಆಗುತ್ತದೆ, ಉಂಡವರು ಲಾಯ್ ಕೈಗುಣ ಎನ್ನುತ್ತಾರೆ. ಸತ್ತವನು ಎದ್ದು ಬಂದು ಮೂಸಿ ನೋಡುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು, ಸುಮ್ಮನಿದ್ದುಬಿಡು, ಸುಮ್ಮನಿರುವುದು ನಿನಗೆ ಹೇಳಿಕೊಡಬೇಕೆ ಎಂದೆ. ಈಗಲೂ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ನನಗೆ ಬೇಕಾಗಿದ್ದದ್ದು ನನ್ನ ಮೈದುನನ ಮದುವೆ.

"ಅವ್ರಿಗೂ ಗೊತ್ತಾಗಲ್ಲ ಅತ್ತಿಗೆ" ಎಂದ ಊತ್. "ಅದೇ ಕಷ್ಟ."

"ಏನ್ ಕಷ್ಟವೋ ಅದ್ರಲ್ಲಿ?"

"ಮೂರು ವರ್ಷ ಅವ್ರು ಹಿಡಿದದ್ದು ನನ್ ಕೈಯಿಂದ ಕೆಟ್ಟಿರುತ್ತೆ. ಅದನ್ನ ಹೊಟ್ಟೇಲಿಟ್ಕೊಂಡು ನಾನು ಅವ್ರ ಎದುರು ಕೂತು ಏನು ಕೇಳ್ಲಿ?"

ಅಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನಗೆ ಸಿಟ್ಟು ಬಂತು. ಅವನು ಪಾಕವನ್ನು ಗಡಿಗೆಗೆ ಬಗ್ಗಿಸಿಕೊಂಡು ಸೇತುವೆಯ ಕಡೆ ನಡೆದ. ಒಬ್ಬನೇ ಹೋದರೆ ಅದನ್ನೂ ಕೈ ಸನ್ನೆಯಲ್ಲಿ ಹೇಳಿಯಾನು ಎಂಬ ಹೆದರಿಕೆಗೆ ನಾನೂ ಬೆನ್ನು ಹತ್ತಿದೆ.

ಲಾಯ್ ಜಗಲಿಯಲ್ಲಿ ಎಡಗೈಯಿಂದ ಅಕ್ಕಿ ಆರಿಸುತ್ತಿದ್ದಳು. ಊತ್ ಗಡಿಗೆ ಅವಳ ಮುಂದೆ ಇಟ್ಟು, ನಿಂತುಕೊಂಡೇ ನಡೆದದ್ದನ್ನು ಹೇಳಿದ. ಸುತ್ತಿ ಬಳಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ, ಆದದ್ದು ಆದ ಹಾಗೆ. ಲಾಯ್ ಮುಚ್ಚಳ ತೆಗೆದಳು. ಮೂರು ವರ್ಷದಿಂದ ಆ ವಾಸನೆಯ ಹತ್ತಿರ ಸುಳಿಯದವಳು. ಅವಳು ಉಗುಳು ನುಂಗಿದ್ದು ನನಗೆ ಕಂಡಿತು. ಮತ್ತೆ ಮುಚ್ಚಳ ಹಾಕಿದಳು.

"ಬಣ್ಣ ಇಲ್ದೇನೇ ಬಡಿಸೋಣ. ಇದು ಇಲ್ಲೇ ಇರ್ಲಿ" ಎಂದಳು.

ಊತ್ ಸೇತುವೆಯ ಕಡೆ ತಿರುಗಿದ, ನಾನೂ ಹಿಂದೆಯೇ ಹೊರಟೆ. ಗಡಿಗೆ ಯಾಕೆ ಇಟ್ಟುಕೊಂಡಳೆಂದು ನಾನೇ ಕೇಳಿದೆ. ಚೆಲ್ಲುವುದಕ್ಕಿರಬೇಕು ಎಂದ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ, ನನ್ನ ಗಂಡನೊಬ್ಬನನ್ನು ಬಿಟ್ಟು.

ಮರುದಿನ ಭಿಕ್ಷುಣಿಯರು ಬಂದು ಮಂತ್ರ ಹೇಳಿದರು. ಲಾಯ್ ಎದೆಯ ಮೇಲಿನ ಕಪ್ಪು ಬಟ್ಟೆ ಬಿಚ್ಚಿ ಬೋಗುಣಿಯ ಕೆಂಡದ ಮೇಲಿಟ್ಟಳು. ಚಿನ್ ಅಜ್ಜಿ ಅತ್ತರು, ನಾವೂ ಅತ್ತೆವು. ಆಮೇಲೆ ಚಾಪೆ ಹಾಸಿ ಊಟಕ್ಕೆ ಕುಳಿತರೆ, ಬಟ್ಟಲಲ್ಲಿ ಹಲಸಿನ ಗೊಜ್ಜು ಬೆಳ್ಳಗೆ, ಸುಣ್ಣ ಬಳಿದ ಹಾಗಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಚಿನ್ ಅಜ್ಜಿಗೆ ವಯಸ್ಸಾದರೂ ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹಲಸಿಗೆ ಕಾಮಾಲೆಯೂ ಅಲ್ಲದ ಇದು ಯಾವ ಕಾಯಿಲೆ, ಬಣ್ಣದ ನೀರು ಮಾರುವವಳ ಮನೆಯಲ್ಲೇ ಬಣ್ಣಕ್ಕೆ ಬರವೇ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

ಲಾಯ್ ಬಾಯಿ ತೆರೆಯುವ ಮೊದಲೇ ಊತ್ ಎದ್ದು ನಿಂತ. ಕಾಯಿಸಿದ್ದು ನಾನು, ಕೈ ತಪ್ಪಿ ಮೀನಿನ ರಸ ಹಾಕಿದೆ, ಅವರದೇನೂ ತಪ್ಪಿಲ್ಲ ಎಂದ. ಕೊಟ್ಟಿಗೆಯವರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಪಂಕ್ತಿ ನಕ್ಕಿತು, ಭಿಕ್ಷುಣಿಯರೂ ಬಟ್ಟಲಿನ ಹಿಂದೆ ಮುಖ ಮುಚ್ಚಿಕೊಂಡರು. ಅಲ್ಲಿದ್ದ ಹೆಂಗಸರಲ್ಲಿ ಯಾರ ಕೈ ತಾನೇ ಆ ಬಾಟಲಿಗೆ ಹೋಗುತ್ತಿರಲಿಲ್ಲ? ಚಿನ್ ಅಜ್ಜಿ ಮಾತ್ರ ನಗಲಿಲ್ಲ. ಅವನನ್ನು ಕಾಲಿಂದ ತಲೆಯವರೆಗೆ ಒಮ್ಮೆ ನೋಡಿ, ತಮ್ಮ ಬಟ್ಟಲಿನ ಬೆಳ್ಳನೆ ಹಲಸನ್ನು ಪೂರ್ತಿ ತಿಂದು, ಇನ್ನೊಂದು ಸಲ ಹಾಕಿಸಿಕೊಂಡರು. ಉಪ್ಪು ಕೂಡ ಸರಿಯಾಗಿ ಹಿಡಿಯದ ಆ ಗೊಜ್ಜನ್ನು ನಾನಂತೂ ಕಷ್ಟಪಟ್ಟು ನುಂಗಿದೆ.

ಸಂಜೆ ನೆಂಟರು ಕರಗಿದರು. ಒಳಗೆ ಲಾಯ್‌ಳ ಅಕ್ಕ ಬಟ್ಟೆಬರೆ ಚೀಲಕ್ಕೆ ತುಂಬುತ್ತಿದ್ದಳು. ಊತ್ ಅಂಗಳದಲ್ಲಿ ಪಾತ್ರೆ ತೊಳೆಯುತ್ತ ಕುಳಿತಿದ್ದ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ನಾನು ಬೆನ್ನಿಗೆ ಬೆರಳಿಂದ ತಿವಿದೆ. ಎದ್ದ. ಜಗಲಿಯವರೆಗೆ ಹೋದ. ಲಾಯ್ ಎದುರು ನಿಂತ. ಮಾತು ಬರಲಿಲ್ಲ. ನಿನ್ನೆ ಮೊನ್ನೆ ಇದ್ದದ್ದನ್ನೆಲ್ಲ ಖರ್ಚು ಮಾಡಿ ಬರಿಗೈಯಾಗಿದ್ದ ಆ ಮನುಷ್ಯ. ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

ಲಾಯ್ ಒಳಗೆ ಹೋಗಿ ಗಡಿಗೆ ತಂದು ಅವನ ಕಾಲಬುಡದಲ್ಲಿಟ್ಟಳು. ಮರಳಿಸುತ್ತಿದ್ದಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವನೂ ಹಾಗೆಯೇ ತಿಳಿದು ಎತ್ತಿಕೊಳ್ಳಲು ಬಗ್ಗಿದ.

"ಬಿಯೆನ್ ಹೋವಾಗೆ ಇದನ್ನ ಹೊತ್ಕೊಂಡು ಹೋಗೋಕಾಗಲ್ಲ" ಎಂದಳು ಲಾಯ್. "ಇಲ್ಲಿ ನಾನೊಬ್ಳೇ ಕೂತು ತಿಂದ್ರೂ ಮುಗಿಯಲ್ಲ, ವರ್ಷಕ್ಕಾಗೋಷ್ಟಿದೆ. ಇವತ್ತಿಗೆ ನನ್ ವ್ರತ ಮುಗೀತು. ನಾಳೆ ಮೀನು ತಗೊಂಡು ಬನ್ನಿ."

ಊತ್ ಬಗ್ಗಿದವನು ಬಗ್ಗಿಕೊಂಡೇ ಇದ್ದ. ಒಳಗಿನಿಂದ ಚೀಲ ತುಂಬುವ ಸದ್ದು ನಿಂತಿತು. ಚಿನ್ ಅಜ್ಜಿ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡುತ್ತಿದ್ದರು.

"ಯಾವ ಮೀನು?" ಎಂದ ನನ್ನ ಮೈದುನ.

"ಯಾವ್ದಾದ್ರೂ ಸರಿ. ನಾಳೆ ಒಂದಿನದ ಮಾತಲ್ಲ ನಾನು ಹೇಳ್ತಿರೋದು."

ಅವನು ನೆಟ್ಟಗೆ ನಿಂತು ಅವಳ ಮುಖ ನೋಡಿದ. ಮೂರು ವರ್ಷ ಕ್ಯಾನು ಇಟ್ಟು ಹೋಗುವಾಗ ಒಮ್ಮೆಯೂ ಹಾಗೆ ನೋಡಿದವನಲ್ಲ.

"ದಿನಾ ತರ್ತೀನಿ" ಎಂದ.

ಅವಳು ತಲೆಯಾಡಿಸಿದಳು, ನೋವಿಲ್ಲದ ಎಡಗೈಯಿಂದ ಕೆನ್ನೆ ಒರೆಸಿಕೊಂಡಳು. ನನ್ನ ಮದುವೆಗೆ ನೂರು ಜನ ಸೇರಿ ಮೂರು ದಿನ ಮಾತಾಡಿದ್ದರು, ಇಷ್ಟು ಚೆನ್ನಾಗಿ ಯಾರೂ ಆಡಿರಲಿಲ್ಲ. ನಾನು ಅಂಗಳದಲ್ಲೇ ಕುಳಿತು ಜೋರಾಗಿ ಅತ್ತುಬಿಟ್ಟೆ. ಚಿನ್ ಅಜ್ಜಿ ಕಣ್ಣು ತೆರೆಯದೆಯೇ, ಅಳುವುದನ್ನು ನಿಲ್ಲಿಸಿ ಆ ಪಾತ್ರೆ ಒಳಗಿಡು ಹಾಯ್, ಮಂಜು ಬೀಳುತ್ತಿದೆ ಎಂದರು.